ಕುರಿ ಕೂರಿಸುವ ಬಗೆ

ಬೆಳಿಗ್ಗೆ ಮೆಟ್ಟಿನ ಲಾಡಿ ಕಟ್ಟಲು ಬಗ್ಗಿದೆ,
ಏಳಲಾಗಲಿಲ್ಲ.
ಇಪ್ಪತ್ತೆರಡು ವರ್ಷ, ದಿನಕ್ಕೆ ಮುನ್ನೂರು ಕುರಿ,
ಅಷ್ಟರ ಮೇಲೆ ಬಗ್ಗಿ ಉಣ್ಣೆ ತೆಗೆದ ಬೆನ್ನು
ಒಂದು ಲಾಡಿಗೆ ಸೋತಿತು.
ಅರ್ಧ ಮಡಚಿ ತುಕ್ಕು ಹಿಡಿದ ಚಾಕುವಿನಂತೆ ನಿಂತೆ.
ಹುಡುಗರು ನಕ್ಕರು. ನೈರಿ ಮಾತ್ರ
ಉಣ್ಣೆ ಗುಡಿಸುವ ಪೊರಕೆ ಗೋಡೆಗೊರಗಿಸಿ
"ಪರಾಟೆನೆ, ಮೊರಾಗಳ ಹತ್ತಿರ ಹೋಗು" ಎಂದಳು.

ಮಟೌರಾ ಹೊಳೆಯಾಚೆ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೂ
ಚೀಸ್ ರೋಲ್ ಮಾರುವ ಬೇಕರಿಗೂ ನಡುವೆ ಅವಳ ಕೋಣೆ.
ಕೈರೋಪ್ರಾಕ್ಟರ್ ಅಂದರೆ ನಾನು ಅಂದುಕೊಂಡದ್ದಿಷ್ಟು:
ಮಲಗಿಸುತ್ತಾಳೆ, ತಿರುಚುತ್ತಾಳೆ, ಲಟಕ್,
ದುಡ್ಡು ಕೊಟ್ಟು ನೆಟ್ಟಗೆ ನಡೆದು ಬರುವುದು.

ಮೊದಲ ಅರ್ಧ ಗಂಟೆ ಬರೀ ಪ್ರಶ್ನೆ.
ನೋವು ಕಾಲಿಗಿಳಿಯುತ್ತದಾ? ಬೆರಳು ಜೋಮು ಹಿಡಿಯುತ್ತದಾ?
ರಾತ್ರಿ ಎಬ್ಬಿಸುತ್ತದಾ? ಮೈ ಇಳಿದಿದೆಯಾ?
ತೊಡೆಸಂದು ಮರಗಟ್ಟಿದೆಯಾ, ಮೂತ್ರದ ಹಿಡಿತ ತಪ್ಪಿದೆಯಾ?
ಕುರಿ ಹಿಕ್ಕೆಯಲ್ಲೇ ಬಾಳಿದವನು, ನಾಚಿದೆ. ಅವಳು ನಾಚಲಿಲ್ಲ.
"ಹೌದು ಅಂದಿದ್ದರೆ ನಿನ್ನನ್ನು ಮುಟ್ಟುತ್ತಿರಲಿಲ್ಲ,
ಈಗಲೇ ಇನ್‌ವರ್ಕಾರ್ಗಿಲ್ ಆಸ್ಪತ್ರೆಗೆ ಕಾರು ಹತ್ತಿಸುತ್ತಿದ್ದೆ."

ಯಾವ ಟಗರಿಗೂ ಬೆನ್ನು ತೋರಿಸದವನು
ಅಂಗಿ ಕಳಚಿ ಅವಳಿಗೆ ಬೆನ್ನು ತೋರಿಸಿದೆ.
ಹಿಮ್ಮಡಿಯಲ್ಲಿ ನಡೆಸಿದಳು, ತುದಿಗಾಲಲ್ಲಿ ನಡೆಸಿದಳು,
ರಬ್ಬರ್ ಸುತ್ತಿಗೆಯಿಂದ ಮಂಡಿ ತಟ್ಟಿದಳು,
ಹರಾಜಿನಲ್ಲಿ ಕೂಗುವ ಮುಂಚೆ ಕುರಿ ನೋಡುವವಳ ಹಾಗೆ.
ಎಕ್ಸ್‌ರೇ ಕೇಳಿದೆ. "ಸದ್ಯಕ್ಕೆ ಬೇಡ.
ನಲವತ್ತಾರರ ಬೆನ್ನಲ್ಲಿ ಸವೆದದ್ದು ಇದ್ದೇ ಇರುತ್ತದೆ,
ನೋಡಿ ಹೆದರುತ್ತೀಯ, ಅಷ್ಟೆ."

ಎಲುಬು ಜಾಗ ಬಿಟ್ಟಿದೆಯಾ?
"ಬಿಟ್ಟಿದ್ದರೆ ನೀನು ನಡೆದು ಬರುತ್ತಿದ್ದೆಯಾ?
ಬಿಗಿದುಕೊಂಡಿದೆ, ಹೊಲದ ಹಳೇ ಗೇಟಿನ ಹಾಗೆ.
ಅಲ್ಲಾಡಿಸಿ ಕೊಡುತ್ತೇನೆ. ತೆರೆದು ಮುಚ್ಚುತ್ತಿರುವುದು ನಿನ್ನ ಕೆಲಸ."
ಆ ಸದ್ದು?
"ಕೀಲಿನ ದ್ರವದಲ್ಲಿ ಗಾಳಿಗುಳ್ಳೆಯ ಆಟ.
ಬೆರಳ ನೆಟಿಕೆ ತೆಗೆಯುತ್ತೀಯಲ್ಲ, ಅದರದೇ ಅಣ್ಣ.
ಬಾರದಿದ್ದರೂ ಬೇಸರವಿಲ್ಲ."

ಆಮೇಲೆ ಪಕ್ಕಕ್ಕೆ ಮಲಗಿಸಿದಳು.
ಮೇಲಿನ ಮಂಡಿ ಮಡಚಿ, ಕೆಳಗಿನ ಭುಜ ಮುಂದೆಳೆದು
ತನ್ನ ತೊಡೆಯನ್ನು ನನ್ನ ತೊಡೆಗೆ ಆನಿಸಿದಳು.
ಆಗ ಗೊತ್ತಾಯಿತು,
ಇದು ನನ್ನದೇ ವಿದ್ಯೆ.
ಕುರಿಯನ್ನು ಕೂರಿಸುವುದು ತೋಳಿನ ಬಲದಿಂದಲ್ಲ.
ತೂಕ ಜಾರುವ ಆ ಒಂದು ಜಾಗ ಹುಡುಕಿ
ಮಂಡಿಗಳ ನಡುವೆ ಒರಗಿಸಿದರೆ ಸಾಕು,
ಎಂಬತ್ತು ಕಿಲೋ ಪ್ರಾಣಿ ಚೀಲದಂತೆ ಸಡಿಲವಾಗುತ್ತದೆ,
ಒದೆಯುವುದನ್ನೇ ಮರೆಯುತ್ತದೆ.
ಕಾಗದ ಹಾಸಿದ ಮೇಜಿನ ಮೇಲೆ ನಾನೂ
ಮರೆತೆ.
"ಈಗ ಒತ್ತುತ್ತೇನೆ. ಬೇಡವೆಂದರೆ ಈಗಲೇ ಹೇಳು. ಉಸಿರು ಬಿಡು."
ಬಿಟ್ಟೆ.
ಲಟಲಟ.

ಪವಾಡ ಆಗಲಿಲ್ಲ.
ಮಾರನೆಯ ದಿನ ಯಾರೋ ಚಚ್ಚಿದ ಹಾಗೆ ಮೈ ನೋವು,
ಅದನ್ನೂ ಹೇಳಿಯೇ ಕಳಿಸಿದ್ದಳು.
ಬಂದದ್ದಾಯಿತು, ಕುತ್ತಿಗೆಯನ್ನೂ ತಿರುಗಿಸು ಅಂದೆ. ಒಪ್ಪಲಿಲ್ಲ:
"ನೋಯದ ಕುತ್ತಿಗೆಯ ತಂಟೆ ಯಾಕೆ?
ಅಪರೂಪಕ್ಕೆ ಅಲ್ಲಿ ರಕ್ತನಾಳಕ್ಕೆ ಪೆಟ್ಟಾಗುವುದುಂಟು."
ಚಿಕ್ಕಪ್ಪನ ಉಬ್ಬಸ ಇದರಿಂದ ಹೋಗುತ್ತದಾ?
"ಉಬ್ಬಸಕ್ಕೆ ಡಾಕ್ಟರಿದ್ದಾರೆ. ಬೆನ್ನು ತಂದರೆ ನೋಡುತ್ತೇನೆ."
ಆರು ಸಲ ಹೋದೆ. ಏಳನೆಯದಕ್ಕೆ ಬರಬೇಡ ಅಂದಳು.
ನೆಲದ ಮೇಲೆ ಮಾಡಲು ಮೂರು ವ್ಯಾಯಾಮ ಬರೆದುಕೊಟ್ಟಳು.
ಎರಡನ್ನು ಮಾಡುತ್ತೇನೆ.

ಬೆನ್ನು ಇನ್ನೂ ಗೊಣಗುತ್ತದೆ, ಕೂಗುವುದಿಲ್ಲ.
ಈ ನವೆಂಬರಿನಲ್ಲಿ, ಮೊದಲ ಕುರಿಯನ್ನು
ಬಾಗಿಲಿನಿಂದ ಎಳೆದು ತಂದಾಗ
ಬಾಯಿಂದ ತಾನಾಗಿ ಬಂತು:
"ಈಗ ತಿರುಗಿಸುತ್ತೇನೆ."
ಪಕ್ಕದ ಹುಡುಗ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದ.
ಕುರಿ ಏನೂ ಅನ್ನಲಿಲ್ಲ.
ಹಳದಿ ಕಣ್ಣು ತಗಡಿನ ಮಾಡಿಗೆ ನೆಟ್ಟು
ಉಸಿರು ಬಿಟ್ಟಿತು.